ಪ್ರತಿ ಬೆಳಿಗ್ಗೆ ಜನವರಿ ಒಂದು

ಅಪ್ಪನ ಕಂಪ್ಯೂಟರಿನಲ್ಲಿ ವಿಂಡೋಸ್ ಅಪ್‌ಡೇಟ್ ಆಗುತ್ತಿಲ್ಲ ಅಂತ ಗೊತ್ತಾದದ್ದು ಒಂದು ಭಾನುವಾರ. ಅಪ್ಪ ಆ ಯಂತ್ರವನ್ನು ಬಳಸುವುದು ಎರಡೇ ಕೆಲಸಕ್ಕೆ. ತಮ್ಮ ನೆನಪುಗಳನ್ನು ಬರೆಯುತ್ತಾರೆ, ಹಳೆಯ ಫೋಟೊಗಳನ್ನು ಜೋಡಿಸಿಡುತ್ತಾರೆ. ಮಿಕ್ಕಿದ್ದೆಲ್ಲ ಫೋನಿನಲ್ಲೇ. "ಏನೋ ಕೆಂಪು ಅಕ್ಷರದಲ್ಲಿ ಬರ್ತಾ ಇದೆ ನೋಡೇ ಪುಟ್ಟಿ, ಸುಮಾರು ದಿನ ಆಯ್ತು" ಅಂದರು.

ಅಪ್‌ಡೇಟ್ ಇತಿಹಾಸ ತೆಗೆದು ನೋಡಿದೆ. ಕೊನೆಯ ಅಪ್‌ಡೇಟ್ ಕೂತು ನಾಲ್ಕು ತಿಂಗಳಾಗಿತ್ತು. ನನಗೆ ನಿಜಕ್ಕೂ ಭಯವಾಯಿತು. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುತ್ತಿದ್ದ 2017ರ ವಾನಾಕ್ರೈ ದಾಳಿ ನೆನಪಿದೆ ಅಲ್ವಾ? ಅದು ಬಳಸಿಕೊಂಡ ದೋಷಕ್ಕೆ ಮಾರ್ಚ್ 14ರಂದೇ ತಿದ್ದುಪಡಿ ಬಂದಿತ್ತು. ದಾಳಿ ಶುರುವಾದದ್ದು ಮೇ 12ಕ್ಕೆ. ಅಂದರೆ ಎರಡೇ ತಿಂಗಳ ಅಂತರ. ಆ ಎರಡು ತಿಂಗಳಲ್ಲಿ ತಿದ್ದುಪಡಿ ಹಾಕಿಕೊಳ್ಳದೆ ಉಳಿದ ಯಂತ್ರಗಳೇ ಸಾಲುಸಾಲಾಗಿ ಸಿಕ್ಕಿಬಿದ್ದವು. ಅಪ್ಪನ ಹತ್ತು ವರ್ಷದ ಬರಹ ಇರುವುದು ಈ ಒಂದು ಡಬ್ಬದಲ್ಲಿ.

ಎಲ್ಲರೂ ಮಾಡುವುದನ್ನೇ ಮೊದಲು ಮಾಡಿದೆ. ರೀಸ್ಟಾರ್ಟ್ ಮಾಡಿದೆ. ಸಿ ಡ್ರೈವ್‌ನಲ್ಲಿ ಜಾಗ ಇದೆಯಾ ನೋಡಿದೆ, ಬೇಕಾದಷ್ಟಿತ್ತು. ಟ್ರಬಲ್‌ಶೂಟರ್ ಓಡಿಸಿದೆ. ಅಪ್‌ಡೇಟ್ ಸರ್ವಿಸ್ ನಿಲ್ಲಿಸಿ, ಅರ್ಧಂಬರ್ಧ ಡೌನ್‌ಲೋಡ್ ಆದ ಫೈಲುಗಳು ಸೇರಿಕೊಳ್ಳುವ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಫೋಲ್ಡರ್ ಖಾಲಿ ಮಾಡಿ, ಸರ್ವಿಸ್ ಮತ್ತೆ ಶುರು ಮಾಡಿದೆ. ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿದರೆ ಸಿಸ್ಟಮ್ ಫೈಲುಗಳೆಲ್ಲ ಸರಿಯಾಗಿವೆ ಅಂತ ಬಂತು. ಆಮೇಲೆ ವಿಂಡೋಸನ್ನೇ ರಿಪೇರಿ ಮಾಡುವ ಡಿಸ್ಮ್ ಕಮಾಂಡ್. ಅದು ರಿಪೇರಿಗೆ ಬೇಕಾದ ಫೈಲುಗಳನ್ನು ತರುವುದೂ ವಿಂಡೋಸ್ ಅಪ್‌ಡೇಟ್‌ನಿಂದಲೇ. ಆ ದಾರಿಯೇ ಮುಚ್ಚಿರುವಾಗ ಅದು ತಾನೇ ಏನು ಮಾಡೀತು, ಅದೂ ಸೋತಿತು.

ಎರಡು ಗಂಟೆ ಹೀಗೇ ಹೋಯಿತು. ಪರದೆಯ ಮೇಲಿದ್ದ ಎರರ್ ಕೋಡನ್ನು ಗಮನ ಕೊಟ್ಟು ಓದಿದ್ದು ಆಮೇಲೆ: 0ಎಕ್ಸ್80072ಎಫ್8ಎಫ್. ಫೋನಿನಲ್ಲಿ ಹುಡುಕಿದೆ. ಸರ್ವರ್ ಜೊತೆ ಸುರಕ್ಷಿತ ಸಂಪರ್ಕ ಆಗುತ್ತಿಲ್ಲ ಅಂತ ಅದರ ಅರ್ಥ. ಕಂಪ್ಯೂಟರಿನಲ್ಲೇ ಬ್ರೌಸರ್ ತೆಗೆದು ಒಂದು ತಾಣಕ್ಕೆ ಹೋದೆ. ಪುಟ ಬರಲಿಲ್ಲ. ನಿಮ್ಮ ಗಡಿಯಾರ ಹಿಂದಿದೆ ಅನ್ನುವ ಎಚ್ಚರಿಕೆ ಬಂತು.

ತಾರೀಖು ನೋಡಿದೆ. ಜನವರಿ 1, 2018.

ಇಷ್ಟು ದಿನ ಇದು ಯಾರ ಕಣ್ಣಿಗೂ ಬೀಳದೆ ಇದ್ದುದಕ್ಕೆ ಕಾರಣ ಇತ್ತು. ಬರೆಯಲು ಪರದೆ ಜಾಸ್ತಿ ಸಿಗಲಿ ಅಂತ ಕೆಳಗಿನ ಟಾಸ್ಕ್‌ಬಾರ್ ಮರೆಯಾಗಿರುವಂತೆ ಹಿಂದೆ ನಾನೇ ಮಾಡಿಕೊಟ್ಟಿದ್ದೆ. ಗಡಿಯಾರವೂ ಅದರ ಜೊತೆಗೇ ಮರೆಯಾಗಿತ್ತು.

ತಾರೀಖಿಗೂ ಅಪ್‌ಡೇಟಿಗೂ ಏನು ಸಂಬಂಧ ಅಂತ ಅಪ್ಪ ಕೇಳಿದರು. ಅಪ್‌ಡೇಟ್ ಕೊಡುವ ಸರ್ವರ್ ತನ್ನ ಗುರುತಿಗೆ ಒಂದು ಸರ್ಟಿಫಿಕೇಟ್ ತೋರಿಸುತ್ತದೆ. ಯಾವ ದಿನದಿಂದ ಯಾವ ದಿನದವರೆಗೆ ಅದು ನಡೆಯುತ್ತದೆ ಅಂತ ಅದರಲ್ಲೇ ಬರೆದಿರುತ್ತದೆ. ನಮ್ಮ ಯಂತ್ರ ಇನ್ನೂ 2018ರಲ್ಲಿದೆ. ಅದರ ಲೆಕ್ಕದಲ್ಲಿ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ನಂಬುವುದಿಲ್ಲ, ಬಾಗಿಲು ಹಾಕಿಕೊಳ್ಳುತ್ತದೆ. ಯಂತ್ರ ಮಾಡಿದ್ದು ಸರಿಯೇ. ಅದಕ್ಕೆ ಸಿಕ್ಕಿದ ತಾರೀಖು ತಪ್ಪು.

ಇಂಟರ್ನೆಟ್‌ನಿಂದ ಸಮಯ ಹೊಂದಿಸಲು ಕಮಾಂಡ್ ಕೊಟ್ಟೆ. ಬದಲಾಯಿಸಬೇಕಾದ ಅಂತರ ತುಂಬಾ ದೊಡ್ಡದು, ಆಗುವುದಿಲ್ಲ ಅಂತ ಉತ್ತರ ಬಂತು. ಮನೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಈ ಮಿತಿ 15 ಗಂಟೆ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ವಿಂಡೋಸಿನ ಟೈಮ್ ಸರ್ವಿಸ್ ಗಡಿಯಾರವನ್ನು ಮುಟ್ಟುವುದಿಲ್ಲ. ಇಲ್ಲಿ ಇದ್ದದ್ದು ವರ್ಷಗಳ ವ್ಯತ್ಯಾಸ. ಕೈಯಲ್ಲೇ ತಾರೀಖು ಹಾಕಿದೆ. ಅಪ್‌ಡೇಟ್ ತಕ್ಷಣ ಓಡಿತು. ಪ್ರತಿ ತಿಂಗಳ ಅಪ್‌ಡೇಟಿನಲ್ಲಿ ಹಿಂದಿನ ತಿಂಗಳುಗಳದ್ದೂ ಸೇರಿರುತ್ತದೆ. ಹಾಗಾಗಿ ನಾಲ್ಕು ತಿಂಗಳ ಬಾಕಿ ಒಂದೇ ಸಲಕ್ಕೆ ತೀರಿತು.

ಮರುದಿನ ಬೆಳಿಗ್ಗೆ ಅಪ್ಪ ಮತ್ತೆ ಕರೆದರು. ಅದೇ ಕೆಂಪು ಅಕ್ಷರ. ಅದೇ ಜನವರಿ 1, 2018.

ಈಗ ಕಂಪ್ಯೂಟರಿನ ಒಳಗಿನ ಮುಖ್ಯ ಬೋರ್ಡಿನ, ಅಂದರೆ ಮದರ್‌ಬೋರ್ಡಿನ, ಬ್ಯಾಟರಿ ಮೇಲೆ ಅನುಮಾನ ಬಂತು. ಕಂಪ್ಯೂಟರ್ ಆಫ್ ಇದ್ದಾಗಲೂ ಗಡಿಯಾರ ನಡೆಯಲು ಅಲ್ಲೊಂದು ನಾಣ್ಯದಂಥ ಬ್ಯಾಟರಿ ಇರುತ್ತದೆ. ಆದರೆ ನಾಲ್ಕು ತಿಂಗಳ ಹಿಂದೆಯೇ ಯಾಕೆ ಶುರುವಾಯಿತು? ಕೂತು ಯೋಚಿಸಿದೆ. ಅಪ್ಪನ ಮೇಜನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದು ಆಗಲೇ. ಮೊದಲು ಪ್ಲಗ್ ಗೋಡೆಯಲ್ಲಿ ಸದಾ ಆನ್ ಇರುತ್ತಿತ್ತು. ಪ್ಲಗ್‌ನಲ್ಲಿ ಕರೆಂಟ್ ಇದ್ದರೆ, ಕಂಪ್ಯೂಟರ್ ಆಫ್ ಆಗಿದ್ದರೂ ಮದರ್‌ಬೋರ್ಡಿಗೆ ಸ್ವಲ್ಪ ವಿದ್ಯುತ್ ಹೋಗುತ್ತಲೇ ಇರುತ್ತದೆ, ಗಡಿಯಾರಕ್ಕೆ ಅಷ್ಟು ಸಾಕು. ಹೊಸ ಜಾಗದಲ್ಲಿ ಎಕ್ಸ್‌ಟೆನ್ಷನ್ ಬೋರ್ಡ್ ಬಂತು. ಅಪ್ಪ ಮಲಗುವ ಮೊದಲು ಅದರ ಸ್ವಿಚ್ ಆರಿಸತೊಡಗಿದರು. ಬ್ಯಾಟರಿ ಯಾವಾಗಲೋ ಸತ್ತಿತ್ತು. ಅದು ಬಯಲಾದದ್ದು ಸ್ವಿಚ್ ಆರಿಸತೊಡಗಿದ ಮೇಲೆ: ಕರೆಂಟೂ ಇಲ್ಲದಾಗ ಗಡಿಯಾರ ಪ್ರತಿ ಸಲ ತನ್ನ ಮೊದಲ ತಾರೀಖಿಗೇ ಮರಳುತ್ತಿತ್ತು.

ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಒಳಗೆ ಉಳಿದ ವಿದ್ಯುತ್ ಇಳಿಸಿದೆ. ಲೋಹದ ಚೌಕಟ್ಟು ಮುಟ್ಟಿಕೊಂಡು ಮುಚ್ಚಳ ತೆಗೆದೆ. ಬ್ಯಾಟರಿಯ ಮೇಲೆ ಸಿಆರ್2032 ಅಂತ ಇತ್ತು. 20 ಅಂದರೆ ಅಡ್ಡಳತೆ 20 ಮಿಲಿಮೀಟರ್, 32 ಅಂದರೆ ದಪ್ಪ 3.2 ಮಿಲಿಮೀಟರ್. 3 ವೋಲ್ಟ್ ಇರಬೇಕಾದದ್ದು ಮಲ್ಟಿಮೀಟರಿನಲ್ಲಿ 1.4 ತೋರಿಸಿತು. ಪಕ್ಕದ ಕ್ಲಿಪ್ ಸರಿಸಿ, ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿದೆ. ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಬಯಾಸ್ ಸೆಟ್ಟಿಂಗ್‌ನಲ್ಲಿ ತಾರೀಖು ಹೊಂದಿಸಿದೆ.

ಎಲ್ಲ ಸರಿಯಾಯಿತಾ ಅಂತ ನೋಡಲು ಅಪ್ಪನ ಬರಹದ ಫೋಲ್ಡರ್ ತೆಗೆದೆ. ತಾರೀಖಿನ ಪ್ರಕಾರ ಜೋಡಿಸಿದ ಪಟ್ಟಿ. ಹೊಸದು ಮೇಲೆ, ಹಳೆಯದು ಕೆಳಗೆ. ತೀರಾ ಕೆಳಗೆ, ಮೂವತ್ತಕ್ಕೂ ಜಾಸ್ತಿ ಫೈಲುಗಳ ಮುಂದೆ ಜನವರಿ 1, 2018 ಅಂತಿತ್ತು.

ಅಪ್ಪ ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

"ಇವೆಲ್ಲ ಇಲ್ಲೇ ಇದ್ವಾ?"

"ಹೂಂ ಅಪ್ಪಾ. ತಾರೀಖು ತಪ್ಪಾಗಿ ಕೆಳಗೆ ಹೋಗಿವೆ ಅಷ್ಟೆ."

"ನಾನು ಸೇವ್ ಮಾಡೋದನ್ನೇ ಮರೀತಾ ಇದ್ದೀನಿ ಅನ್ಕೊಂಡಿದ್ದೆ. ಕೆಲವನ್ನ ಮತ್ತೆ ಬರೆದೆ. ನಿನಗೆ ಹೇಳೋದು ಬೇಡ ಅನ್ನಿಸ್ತು."

ನಾಲ್ಕು ತಿಂಗಳು ಅವರು ತಮ್ಮ ನೆನಪಿನ ಶಕ್ತಿಯನ್ನೇ ಅನುಮಾನಿಸಿಕೊಂಡು ಕೂತಿದ್ದರು. ಆ ಕೆಂಪು ಅಕ್ಷರ ಬಂದ ಮೊದಲ ವಾರವೇ ನಾನು ಅದನ್ನು ಓದಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ನನಗೆ ಆ ದಿನ ಅಪ್‌ಡೇಟಿಗಿಂತ ಇದೇ ಜಾಸ್ತಿ ತಟ್ಟಿತು.

ಅಜ್ಜಿಯ ಬಗ್ಗೆ ಬರೆದದ್ದು ಎರಡು ಸಲ ಇತ್ತು. ಎರಡನ್ನೂ ಅಕ್ಕಪಕ್ಕ ತೆಗೆದಿಟ್ಟು ಎದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ಓದಲು ಕೂತರು. ಮೊದಲನೆಯದರಲ್ಲಿ ಅಜ್ಜಿಯ ಕೈಬರಹದ ಮಾತಿತ್ತು, ಎರಡನೆಯದರಲ್ಲಿ ಅದು ಬಿಟ್ಟುಹೋಗಿತ್ತು. ಅದನ್ನು ಎತ್ತಿ ಎಲ್ಲಿ ಸೇರಿಸಬೇಕು ಅಂತ ಕೇಳಿದರು. ಅವರೇ ಒಂದು ಜಾಗ ಹುಡುಕಿಕೊಂಡರು.

ಟಾಸ್ಕ್‌ಬಾರ್ ಈಗ ಯಾವಾಗಲೂ ಕಾಣುವಂತೆ ಮಾಡಿದ್ದೇನೆ. ಸ್ವಿಚ್ ಆರಿಸುವುದನ್ನು ಬಿಡಿ ಅಂತ ಹೇಳಲಿಲ್ಲ, ಅದು ಒಳ್ಳೆಯ ಅಭ್ಯಾಸವೇ. ಮರುದಿನ ಬೆಳಿಗ್ಗೆ ಒಳಗಿನ ಕೋಣೆಯಿಂದ ಅಪ್ಪನ ದನಿ ಕೇಳಿತು. ಅವತ್ತಿನ ತಾರೀಖನ್ನು ಜೋರಾಗಿ ಓದುತ್ತಿದ್ದರು.