ಏಣೇ ಇಲ್ಲದ ಹೀರೆಕಾಯಿ

ಕಳೆದ ತಿಂಗಳು ಚಪ್ಪರದಿಂದ ಮೊದಲ ಹೀರೆಕಾಯಿ ಕೊಯ್ದು ತಂದಾಗ ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದೆಂಥದೇ ಮಾರಾಯ್ತಿ, ಹೀರೆಯೋ ತುಪ್ಪದ ಹೀರೆಯೋ?"

ನನಗೂ ಗೊತ್ತಾಗಲಿಲ್ಲ. ತುಪ್ಪದ ಹೀರೆಯಾದರೆ ಏಣಿಲ್ಲದೆ ನುಣ್ಣಗಿರಬೇಕು. ಇದಕ್ಕೆ ಏಣು ಇತ್ತು, ಆದರೆ ಬೆರಳಿಗೆ ಸಿಗದಷ್ಟು ಸಣ್ಣದು. ತುದಿ ಕತ್ತರಿಸಿ ನಾಲಿಗೆಗೆ ಹಚ್ಚಿ ನೋಡಿದೆವು, ಪುಣ್ಯಕ್ಕೆ ಕಹಿ ಇರಲಿಲ್ಲ, ಹುಳಿಗೆ ಹಾಕಿದೆವು. ಆದರೆ ನನಗೆ ಹೀರೆಕಾಯಿ ಅಂದ್ರೆ ಏಣು ಹೆರೆದ ಸಿಪ್ಪೆಯ ಚಟ್ನಿ, ಉಳಿದದ್ದೆಲ್ಲ ಆಮೇಲೆ. ಇದರಲ್ಲಿ ಹೆರೆಯಲಿಕ್ಕೇ ಏನೂ ಇಲ್ಲ!

ಬೀಜ ನಾನೇ ಮಾಡಿಟ್ಟದ್ದು. ಹೋದ ವರ್ಷ ಒಂದು ಒಳ್ಳೆ ಕಾಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಅಲ್ಲಾಡಿಸಿದರೆ ಗಲಗಲ ಅನ್ನುವಾಗ ಕಿತ್ತು, ತುದಿಯ ಮುಚ್ಚಳ ತೆಗೆದು ಬೋರಲು ಹಿಡಿದರೆ ಕಪ್ಪು ಬೀಜ ತಾವಾಗಿಯೇ ಉದುರಿದವು. ಬೂದಿ ಬೆರೆಸಿ ಡಬ್ಬಿಗೆ ಹಾಕಿದೆ. ನಾರು ಬೆನ್ನು ತಿಕ್ಕಲಿಕ್ಕೆ ಬಚ್ಚಲಿಗೆ ಹೋಯಿತು. ಆ ಕಾಯಿಗೆ ಏಣು ಚೆನ್ನಾಗಿಯೇ ಇತ್ತು, ಅದಕ್ಕೇ ಅಲ್ವಾ ಬೀಜಕ್ಕೆ ಬಿಟ್ಟದ್ದು.

ಮೋಸ ಇರುವುದೇ ಅಲ್ಲಿ. ಯಾವ ಹೂವಿನ ಪರಾಗ ಬಿದ್ದರೂ ಆ ವರ್ಷದ ಕಾಯಿ ತಾಯಿಬಳ್ಳಿಯ ಹಾಗೇ ಇರುತ್ತದೆ, ಬೆರಕೆ ಗೊತ್ತಾಗುವುದು ಒಳಗಿನ ಬೀಜ ಬಳ್ಳಿಯಾಗಿ ಕಾಯಿ ಬಿಟ್ಟ ಮೇಲೆ. ಪಕ್ಕದ ಬೇಲಿಗೆ ತುಪ್ಪದ ಹೀರೆ ಹಬ್ಬಿಸಿದ್ದವಳೂ ನಾನೇ. ಹೀರೆ ಹೂ ಅರಳುವುದು ಸಂಜೆ, ಅದರದ್ದು ಬೆಳಿಗ್ಗೆ, ಹಾಗಾಗಿ ತೊಂದರೆ ಇಲ್ಲ ಅಂದುಕೊಂಡಿದ್ದೆ. ಸಂಜೆ ಅರಳಿದ್ದು ಬೆಳಗಿನವರೆಗೂ ಬಾಡದೆ ಇರುತ್ತದಲ್ಲ, ಜೇನಿಗೆ ಅಷ್ಟು ಸಾಕು. ಒಂದೊಂದು ಬೀಜಕ್ಕೆ ಒಂದೊಂದು ಪರಾಗದ ಕಣ. ಅದಕ್ಕೇ ಅದೇ ಕಾಯಿಯ ಬೀಜದಿಂದ ಬಂದ 4 ಬಳ್ಳಿಯಲ್ಲಿ 3 ಸರಿಯಾದ ಹೀರೆಯೇ, ಒಂದು ಮಾತ್ರ ಹೀಗೆ.

ಆ ಬಳ್ಳಿ ಕಿತ್ತೆ. ಉಳಿದವುಗಳಲ್ಲಿ ಅಂದು ಅರಳಲಿರುವ ಒಂದು ಹೆಣ್ಣು ಮೊಗ್ಗು, ಅಂದರೆ ಬುಡದಲ್ಲಿ ಪುಟ್ಟ ಕಾಯಿ ಇರುವುದು, ಒಂದು ಗಂಡು ಮೊಗ್ಗು ಆರಿಸಿ ಮಧ್ಯಾಹ್ನವೇ ಬಾಯಿಗೆ ದಾರ ಕಟ್ಟಿದೆ. ಕತ್ತಲಾಗುವಾಗ ಸೊಳ್ಳೆ ಕಚ್ಚಿಸಿಕೊಳ್ಳುತ್ತಾ ಬಿಚ್ಚಿ, ಗಂಡು ಹೂವನ್ನು ಹೆಣ್ಣು ಹೂವಿಗೆ ಉಜ್ಜಿ, ಮತ್ತೆ ಕಟ್ಟಿ, ಗುರುತಿಗೆ ತೊಟ್ಟಿಗೆ ಕೆಂಪು ನೂಲು. ಮೂರು ಸಂಜೆ ಇದೇ ಕೆಲಸ. ಎರಡು ಕಾಯಿ ಕಚ್ಚಿದವು.

ಮೊನ್ನೆ ಅದರಲ್ಲೊಂದು ಅಡುಗೆಮನೆ ಕಟ್ಟೆಯ ಮೇಲಿತ್ತು, ನೂಲಿನ ಸಮೇತ. ಮಾವ ಕೊಯ್ದಿದ್ದರು. "ದಾರ ಕಟ್ಟಿದ್ದೆಯಲ್ಲ, ಕೊಯ್ಯಲಿಕ್ಕೆ ಗುರುತು ಅಂದುಕೊಂಡೆ" ಅಂದರು. ಏನು ಹೇಳುವುದು. ಏಣು ಹೆರೆದು ಚಟ್ನಿ ಮಾಡಿದೆ. ಇನ್ನೊಂದಕ್ಕೆ ಈಗ ಅತ್ತೆಯ ಹಳೆ ಸೀರೆಯ ತುಂಡು ಸುತ್ತಿದ್ದೇನೆ.