ಬೈಕ್ ನೋಡಲು ಹೋಗಿದ್ದೆ

ಮೂರು ವಾರದಿಂದ ಒಂದೇ ತಲೆನೋವು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತಗೊಳ್ಳಲಾ, ಹೀರೋ ಸ್ಪ್ಲೆಂಡರ್ ಸಾಕಾ?

ಇವತ್ತು ಶೋರೂಮಿನಲ್ಲಿ ಕ್ಲಾಸಿಕ್ ಹತ್ತಿ ಕೂತೆ. 349 ಸಿಸಿ, 195 ಕೆಜಿ. ಕೂತಾಗ ರಾಜ. ಇಳಿದು ಹಿಂದಕ್ಕೆ ತಳ್ಳುವಾಗ ಬೆವರು ಕಿತ್ತುಕೊಂಡು ಬಂತು. ನಮ್ಮ ಓಣಿ ಇಳಿಜಾರು ಬೇರೆ! ಆಫೀಸಿಗೆ ಎಂಟು ಕಿಲೋಮೀಟರ್, ದಾರಿ ಪೂರ್ತಿ ಹಂಪು, ಸಿಗ್ನಲ್ಲು. ಲೆಕ್ಕ ಹಾಕಿದರೆ 97.2 ಸಿಸಿಯ ಸ್ಪ್ಲೆಂಡರೇ ಸರಿ.

ಆದರೆ ಅಪ್ಪನ ಹತ್ತಿರ ಯೆಜ್ಡಿ ಬೈಕ್ ಇತ್ತು, ಮೈಸೂರಿನಲ್ಲೇ ತಯಾರಾದದ್ದು. ಗೇರ್ ಲಿವರನ್ನೇ ತಿರುಗಿಸಿ ಕಿಕ್ ಹೊಡೆಯಬೇಕು. ಬೀದಿ ತಿರುವಿನಲ್ಲಿ ಅದರ ಸದ್ದು ಕೇಳಿದರೆ ಸಾಕು, ಅಮ್ಮ ಕಾಫಿಗೆ ನೀರಿಡುತ್ತಿದ್ದಳು. ಅಪ್ಪ ಮೈಲೇಜ್ ನೋಡಿಯಂತೂ ಅದನ್ನು ತಗೊಂಡಿರಲಿಕ್ಕಿಲ್ಲ, ಅಲ್ವಾ?

ಶನಿವಾರ ಮತ್ತೆ ಹೋಗುತ್ತೇನೆ. ಈ ಸಲ ಹೆಂಡತಿಯನ್ನೂ ಹಿಂದೆ ಕೂರಿಸಿ ನೋಡಬೇಕು.