ಕೆಡಲ್‌ಸ್ಟನ್ ಹಾಲ್‌ಗೆ ಹೋಗೋರು ಒಂದು ಇಡೀ ದಿನ ಇಟ್ಟುಕೊಳ್ಳಿ

ಕೆಡಲ್‌ಸ್ಟನ್ ಹಾಲ್ ಅಂದರೆ ಇಂಗ್ಲೆಂಡಿನ ಡರ್ಬಿ ಹತ್ತಿರ, ಪಾರ್ಕಿನ ನಡುವೆ ಇರುವ ಹಳೇ ಕಾಲದ ದೊಡ್ಡ ಬಂಗಲೆ. ಮೊದಲ ಸಲ ಹೋದಾಗ ನಾವು ಒಳಗೆ ಕಾಲಿಡಲೇ ಇಲ್ಲ. ಪಾರ್ಕ್ ತೆರೆದಿತ್ತು, ಮನೆ ಮುಚ್ಚಿತ್ತು. ಹಾಗಾಗಿ ಮೊದಲ ಮಾತೇ ಇದು: ಹೊರಡುವ ಮುಂಚೆ, ಇದನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಪಾರ್ಕಿನ ಸಮಯ ಬೇರೆ, ಮನೆಯ ಸಮಯ ಬೇರೆ ನೋಡಿಕೊಳ್ಳಿ. ಎರಡನೇ ಸಲ ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದ್ದಾಗ ಸರಿಯಾಗಿ ನೋಡಿಕೊಂಡು ಹೋದೆವು.

ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ಡರ್ಬಿಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಮನೆ ಐದಾರು ಮೈಲಿ. ವಯಸ್ಸಾದವರು ಜೊತೆಗಿದ್ದರೆ ಟ್ಯಾಕ್ಸಿ ಮಾಡಿ, ಆದರೆ ವಾಪಸ್ ಬರೋದಕ್ಕೂ ಆಗಲೇ ಮಾತಾಡಿಕೊಳ್ಳಿ. ನಾವು ಮಾತಾಡಿರಲಿಲ್ಲ, ಸಂಜೆ ಗೇಟಿನ ಹತ್ತಿರ ಮುಕ್ಕಾಲು ಗಂಟೆ ನಿಂತೆವು, ಸಾಲದ್ದಕ್ಕೆ ಜಿಟಿಜಿಟಿ ಮಳೆ ಬೇರೆ.

ಒಳಗೆ ಹೋಗುವ ಮುಂಚೆ ಮನೆಯ ಸುತ್ತ ಒಂದು ಸುತ್ತು ಹಾಕಿ. ಇಲ್ಲಿನ ಜಮೀನ್ದಾರ ನಥಾನಿಯಲ್ ಕರ್ಜನ್ 1759ರಲ್ಲಿ ಇದನ್ನು ಕಟ್ಟಿಸಲು ಶುರು ಮಾಡಿದಾಗ ಬ್ರೆಟಿಂಗ್‌ಹ್ಯಾಮ್, ಪೇನ್ ಅಂತ ಇಬ್ಬರು ವಾಸ್ತುಶಿಲ್ಪಿಗಳಿದ್ದರು. ಆಮೇಲೆ ರಾಬರ್ಟ್ ಆಡಮ್ ಬಂದರು, ಮನೆಗೆ ಈಗಿರುವ ಕಳೆ ಬಂದಿದ್ದು ಅವರಿಂದಲೇ. ದಕ್ಷಿಣದ ಮುಖ ನೋಡಿ, ರೋಮ್‌ನ ಕಾನ್‌ಸ್ಟಂಟೈನ್ ಕಮಾನನ್ನೇ ತಂದು ಮನೆಗೆ ಕೂಡಿಸಿದ ಹಾಗಿದೆ. ಮುಂದಿನ ನೋಟಕ್ಕೆ ಅಡ್ಡ ಬರುತ್ತೆ ಅಂತ ಅಲ್ಲಿದ್ದ ಹಳ್ಳಿಯನ್ನೇ ಎತ್ತಿಸಿದರು, ಉಳಿದಿದ್ದು ಚರ್ಚ್ ಒಂದೇ. ಡ್ಯಾಮಿಗೆ ಊರು ಬಿಟ್ಟವರನ್ನು ನಾವು ನೋಡಿದ್ದೇವೆ. ಇಲ್ಲಿ ಒಂದು ಮನೆ ಚೆನ್ನಾಗಿ ಕಾಣಲಿ ಅಂತ ಊರು ಬಿಡಿಸಿದ್ದಾರೆ, ಇದನ್ನು ತಿಳಿದುಕೊಂಡು ಆ ಹುಲ್ಲುಗಾವಲು ನೋಡಿದರೆ ಮನಸ್ಸಿಗೆ ಒಂಥರಾ ಆಗುತ್ತೆ.

ನಡುವಿನ ಕಟ್ಟಡಕ್ಕೆ ನಾಲ್ಕು ಮೂಲೆಯಲ್ಲಿ ನಾಲ್ಕು ರೆಕ್ಕೆ (ಪಕ್ಕದ ಕಟ್ಟಡ) ಕಟ್ಟಬೇಕು ಅಂತಿತ್ತು, ಕಟ್ಟಿದ್ದು ಎರಡೇ. ಆ ನಾಲ್ಕೂ ರೆಕ್ಕೆ ನೋಡಬೇಕಾದರೆ ಕೋಲ್ಕತ್ತಾಕ್ಕೆ ಹೋಗಬೇಕು! ಅಲ್ಲಿನ ರಾಜಭವನಕ್ಕೆ (ಈಗ ಲೋಕಭವನ) ಮಾದರಿ ಈ ಮನೆಯೇ. ಕಟ್ಟಿಸಿದವರು ಗವರ್ನರ್ ಜನರಲ್ ವೆಲ್ಲೆಸ್ಲಿ. ಶ್ರೀರಂಗಪಟ್ಟಣ ಬಿದ್ದ 1799ರಲ್ಲೇ ಕೆಲಸ ಶುರುವಾಗಿ 1803ಕ್ಕೆ ಮುಗಿಯಿತು. ನೂರು ವರ್ಷದ ನಂತರ, ಇದೇ ಮನೆತನದ, ಕೆಡಲ್‌ಸ್ಟನ್‌ನಲ್ಲೇ ಹುಟ್ಟಿದ ಲಾರ್ಡ್ ಕರ್ಜನ್ ವೈಸರಾಯ್ ಆಗಿ ಅದೇ ಕೋಲ್ಕತ್ತಾದ ಮನೆಗೆ ಬಂದರು. ಅಪ್ಪನಿಗೆ ಈ ಕಥೆ ಎಷ್ಟು ಹಿಡಿಸಿತು ಅಂದರೆ ಊರಿಗೆ ಫೋನ್ ಮಾಡಿದಾಗಲೆಲ್ಲ ಇದನ್ನೇ ಹೇಳುತ್ತಿದ್ದರು.

ಒಳಗೆ ಮಾರ್ಬಲ್ ಹಾಲ್‌ನಲ್ಲಿ ಸುಮ್ನೆ ಹತ್ತು ನಿಮಿಷ ನಿಲ್ಲಿ. ಇಪ್ಪತ್ತು ಕಂಬ, ಒಂದೊಂದೂ ಸುಮಾರು 25 ಅಡಿ. ಹೆಸರು ಮಾರ್ಬಲ್ ಅಂತಿದ್ದರೂ ಕಂಬಗಳು ಅಲಬಾಸ್ಟರ್ ಅನ್ನೋ ಮೆತ್ತನೆ ಕಲ್ಲಿನವು, ಅದೂ ಪಕ್ಕದ ನಾಟಿಂಗ್‌ಹ್ಯಾಮ್‌ಶೈರ್‌ನದು. ಬೆಳಕು ಮೇಲಿನಿಂದ ಬೀಳುತ್ತೆ, ನಮ್ಮ ತೊಟ್ಟಿಮನೆಯ ಅಂಗಳದ ಹಾಗೆ. ಮೋಡ ಸರಿದಾಗ ಕಂಬದ ಗೆರೆಗಳು ಎದ್ದು ಕಾಣುತ್ತವೆ. ಅದರ ಹಿಂದಿನ ದುಂಡನೆ ಸಲೂನ್‌ನಲ್ಲಿ (ಅತಿಥಿಗಳು ಸೇರುವ ದೊಡ್ಡ ಕೋಣೆ) ತಲೆ ಎತ್ತಿ ನೋಡಿ, ಗುಮ್ಮಟ 62 ಅಡಿ ಎತ್ತರದಲ್ಲಿದೆ. ಉಳಿದ ಕೋಣೆಗಳಲ್ಲಿ ಚಿತ್ರಗಳು ಜಾಸ್ತಿ, ಅವಸರವಿದ್ದರೆ ಬೇಗ ದಾಟಬಹುದು.

ಕೆಳಗಿನ ಈಸ್ಟರ್ನ್ ಮ್ಯೂಸಿಯಂ ಮಾತ್ರ ಬಿಡಬೇಡಿ. ಲಾರ್ಡ್ ಕರ್ಜನ್ ನಮ್ಮ ಕಡೆಯಿಂದೆಲ್ಲ ತಂದ ವಸ್ತುಗಳು ಅಲ್ಲಿವೆ. ನಾವು ಹೋದಾಗ ಅವರ ಹೆಂಡತಿ ಮೇರಿಯ ನವಿಲುಗರಿ ಚಿತ್ತಾರದ ಗೌನ್ ಇತ್ತು, 1903ರ ದೆಹಲಿ ದರ್ಬಾರಿನಲ್ಲಿ ಉಟ್ಟಿದ್ದು. ಜರಿ ಕಸೂತಿ ದೆಹಲಿಯಲ್ಲಿ ಆಗಿದೆ, ಗೌನ್ ಹೊಲಿದಿದ್ದು ಪ್ಯಾರಿಸ್‌ನಲ್ಲಿ, ತೂಕ ನಾಲ್ಕೂವರೆ ಕೆಜಿಗಿಂತ ಕಮ್ಮಿಯಿಲ್ಲ. ಅಮ್ಮ ಎಷ್ಟೋ ವರ್ಷ ರವಿಕೆಗಳಿಗೆ ಆರಿ ವರ್ಕ್ ಮಾಡಿದವರು. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಪ್ರತಿ ಗರಿಯ ಕಣ್ಣಿನಲ್ಲಿ ಹಸಿರಾಗಿ ಹೊಳೆಯೋದು ಕಲ್ಲಲ್ಲ, ಜೀರುಂಡೆಯ ರೆಕ್ಕೆ. "ಈ ರೆಕ್ಕೆಗೆ ಸೂಜಿ ಚುಚ್ಚಿದರೆ ಒಡೆದು ಹೋಗುತ್ತೆ ಕಣೋ, ಅದೆಷ್ಟು ಹುಷಾರಾಗಿ ಹಾಕಿದ್ದಾರೆ ನೋಡು" ಅಂದರು. ಅಲ್ಲಿಂದ ಅವರನ್ನು ಹೊರಡಿಸಲು ಇಪ್ಪತ್ತು ನಿಮಿಷ ಬೇಕಾಯಿತು. ಬಟ್ಟೆ ಹಾಳಾಗಬಾರದು ಅಂತ ಅಂಥ ಕಡೆ ಬೆಳಕು ಕಮ್ಮಿ ಇಟ್ಟಿರುತ್ತಾರೆ, ಕಣ್ಣು ಹೊಂದಿಕೊಳ್ಳುವವರೆಗೆ ಕಾಯಿರಿ.

ಪಕ್ಕದ ಚರ್ಚ್ ತೆರೆದಿದ್ದರೆ ಹೋಗಿ ಬನ್ನಿ. 1906ರಲ್ಲಿ ತೀರಿಕೊಂಡ ಮೇರಿಯ ಸಮಾಧಿ ಅಲ್ಲಿದೆ, ನೆಲಕ್ಕೆ ಹಸಿರು ಕಲ್ಲು ಹಾಸಿದ್ದಾರೆ. ಊಟಕ್ಕೆ ಚಪಾತಿ ಪಲ್ಯ ಕಟ್ಟಿಕೊಂಡು ಹೋದರೆ ಪಾರ್ಕಿನಲ್ಲಿ ಕೂತು ತಿನ್ನಬಹುದು, ಆಡಮ್ ಕಟ್ಟಿದ ಸೇತುವೆ ಎದುರಿಗೇ ಕಾಣುತ್ತೆ. ಹುಲ್ಲು ಒದ್ದೆ ಇರುತ್ತೆ, ಅಮ್ಮಂದಿರಿಗೆ ಚಪ್ಪಲಿ ಬದಲು ಶೂ ಹಾಕಿಸಿ.